ಸ್ವಿಚ್ ಕೆಟ್ಟರೆ ಸುದ್ದಿ ಯಾರಿಗೆ ಹೋಗಬೇಕು? ನೆಟ್‌ವರ್ಕ್ ನಿಗಾವನ್ನು ಕಚೇರಿಯ ಚಾಟ್‌ಗೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಒಂದು ಶನಿವಾರ ಮಧ್ಯಾಹ್ನ ನಮ್ಮ ಹಾಸ್ಟೆಲ್‌ನ ನೆಟ್‌ವರ್ಕ್ ಸ್ವಿಚ್, ಅಂದರೆ ಕಟ್ಟಡದ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಸೇರಿಸುವ ಪೆಟ್ಟಿಗೆ, ಕೆಟ್ಟು ನಿಂತಿತು. ನಮಗೆ ಗೊತ್ತಾಗಿದ್ದು ಸೋಮವಾರ ಬೆಳಿಗ್ಗೆ. ವಾರ್ಡನ್ ಫೋನ್ ಮಾಡಿ, "ಏನ್ರೀ, ಎರಡು ದಿನದಿಂದ ಹುಡುಗ್ರು ನನ್ನ ತಲೆ ತಿಂತಾ ಇದಾರೆ, ನಿಮಗೆ ಗೊತ್ತೇ ಇಲ್ವಾ?" ಅಂದರು. ಓಡಿಹೋಗಿ ಸ್ವಿಚ್ ಬದಲಾಯಿಸಿದೆವು. ಆಮೇಲೆ ಲಾಗ್ ತೆರೆದು ನೋಡಿದಾಗ ನಿಜವಾದ ಬೇಜಾರು ಶುರುವಾಯಿತು. ನಮ್ಮ ನಿಗಾ ವ್ಯವಸ್ಥೆಗೆ ಶನಿವಾರವೇ, ಮೂರು ನಿಮಿಷದೊಳಗೆ, ವಿಷಯ ಗೊತ್ತಾಗಿತ್ತು. ಇ-ಮೇಲ್ ಕೂಡ ಕಳಿಸಿತ್ತು. ಆ ಮೇಲ್‌ಬಾಕ್ಸ್ ಅನ್ನು ಯಾರೂ ತೆರೆಯುತ್ತಿರಲಿಲ್ಲ.

ನಾನು ದಾವಣಗೆರೆಯ ಒಂದು ಶಿಕ್ಷಣ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ದಾವಣಗೆರೆ, ಹರಿಹರ, ಚಿತ್ರದುರ್ಗ ಮೂರು ಕಡೆ ಕಟ್ಟಡಗಳಿವೆ. ಸ್ವಿಚ್‌ಗಳು 60ರ ಹತ್ತಿರ, ಮೂರು ಫೈರ್‌ವಾಲ್, ಒಂದಷ್ಟು ಯುಪಿಎಸ್. ಕೆಲಸ ಮಾಡುವವರು ಮೂರು ಜನ. ಚಿತ್ರದುರ್ಗಕ್ಕೆ ಹೋಗಿ ಬರುವುದೆಂದರೆ ಸುಮಾರು 120 ಕಿಲೋಮೀಟರ್. ಹೀಗಿರುವಾಗ ಯಾವುದು ಕೆಟ್ಟಿದೆ, ಎಲ್ಲಿ ಕೆಟ್ಟಿದೆ, ಯಾರು ಹೋಗಬೇಕು ಅನ್ನುವುದು ಕೂತಲ್ಲೇ ತಿಳಿಯಬೇಕು. ಆ ಸೋಮವಾರದಿಂದ ಶುರುಮಾಡಿ ನಾವು ಕಟ್ಟಿಕೊಂಡ ವ್ಯವಸ್ಥೆಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಬಳಸಿದ ಸಾಫ್ಟ್‌ವೇರ್‌ಗಳಿಗೆಲ್ಲ ಉಚಿತ ಆವೃತ್ತಿ ಸಿಗುತ್ತದೆ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇರುವ ಹಳೆಯ ಸರ್ವರ್ ಇಷ್ಟು ಉಪಕರಣಗಳಿಗೆ ಸಾಕು.

ಮೊದಲು ದಾರಿ ಯಾವುದು ನೋಡೋಣ

ನಾಲ್ಕು ತುಂಡುಗಳಿವೆ. ಸ್ವಿಚ್, ರೂಟರ್, ಯುಪಿಎಸ್‌ಗಳು ಎಸ್‌ಎನ್‌ಎಂಪಿ ಎಂಬ ಸಾಮಾನ್ಯ ಭಾಷೆಯ ಮೂಲಕ ತಮ್ಮ ಸ್ಥಿತಿ ಹೇಳುತ್ತವೆ. ಜ್ಯಾಬಿಕ್ಸ್ ಎಂಬ ನಿಗಾ ಸಾಫ್ಟ್‌ವೇರ್ ಅದನ್ನು ಕೇಳಿ, ಅಳೆದು, ತೊಂದರೆ ಇದೆಯೋ ಇಲ್ಲವೋ ತೀರ್ಮಾನಿಸುತ್ತದೆ. ರ‍್ಯಾಬಿಟ್‌ಎಂಕ್ಯೂ ಆ ಸುದ್ದಿಯನ್ನು ಸರತಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕೊನೆಗೆ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಸರತಿಯಿಂದ ಸುದ್ದಿ ಎತ್ತಿಕೊಂಡು ಮ್ಯಾಟರ್‌ಮೋಸ್ಟ್ ಚಾಟ್‌ಗೆ ಹಾಕುತ್ತದೆ.

ನಡುವೆ ಸರತಿ ಯಾಕೆ, ಜ್ಯಾಬಿಕ್ಸ್‌ನಿಂದ ನೇರವಾಗಿ ಚಾಟ್‌ಗೆ ಕಳಿಸಬಹುದಲ್ವಾ? ಕಳಿಸಬಹುದು. ಜ್ಯಾಬಿಕ್ಸ್‌ನಲ್ಲೇ ಮ್ಯಾಟರ್‌ಮೋಸ್ಟ್‌ಗೆ ಸಿದ್ಧ ಜೋಡಣೆ ಇದೆ. ಹತ್ತು ಸ್ವಿಚ್ ಇರುವ ಕಚೇರಿಗೆ ಅದೇ ಸಾಕು, ಸುಮ್ನೆ ಇಷ್ಟೆಲ್ಲ ಕಟ್ಟಬೇಡಿ. ಆದರೆ ಚಾಟ್ ಸರ್ವರ್ ಅರ್ಧ ಗಂಟೆ ನಿಂತರೆ ನೇರ ದಾರಿಯಲ್ಲಿ ಹೋದ ಸುದ್ದಿ ಕಳೆದುಹೋಗುತ್ತದೆ. ಅದೇ ಸುದ್ದಿಯನ್ನು ಚಾಟ್‌ಗೂ, ಎಸ್‌ಎಂಎಸ್‌ಗೂ, ದಾಖಲೆಗೂ ಕಳಿಸಬೇಕಾದರೆ ಮೂರು ಕಡೆ ಮೂರು ಜೋಡಣೆ ನೋಡಿಕೊಳ್ಳಬೇಕಾಗುತ್ತದೆ.

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಇನ್ನೂ ಕೆಳಗಿನ ಹೊಂಡಗಳಿಗೆ. ಮಳೆ ಒಂದೇ ಸಲ ಸುರಿದರೂ ಕೆಳಗಿನವರು ತಮ್ಮ ಹೊತ್ತಿಗೆ, ತಮಗೆ ಬೇಕಾದಷ್ಟು ನೀರು ತೆಗೆದುಕೊಳ್ಳಬಹುದು. ನಮ್ಮ ಸರತಿ ಅಂಥದೊಂದು ಹೊಂಡ.

ಹೆಜ್ಜೆ 1: ಹೆಸರಿಡುವುದು

ಬೇಸರದ ಕೆಲಸ ಇದೇ. ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದೂ ಇದೇ. ನಮಗೆ ಎರಡು ವಾರ ಹಿಡಿಯಿತು.

ಪ್ರತಿ ಉಪಕರಣದಲ್ಲೂ ಎರಡು ಜಾಗಗಳನ್ನು ತುಂಬಿ: ಹೆಸರು ಮತ್ತು ಸ್ಥಳ. ಎಸ್‌ಎನ್‌ಎಂಪಿಯಲ್ಲಿ ಹೆಸರಿನ ವಿಳಾಸ 1.3.6.1.2.1.1.5.0, ಸ್ಥಳದ್ದು 1.3.6.1.2.1.1.6.0. ಕಂಪನಿ ಯಾವುದೇ ಆಗಿರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಆಮೇಲೆ ಮುಖ್ಯವಾದ ಪೋರ್ಟ್‌ಗಳಿಗೆ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳಿಗೆ, ವಿವರಣೆ ಬರೆಯಿರಿ. "ಪೋರ್ಟ್ 24 ನಿಂತಿದೆ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ಲೈಬ್ರರಿಗೆ ಹೋಗುವ ಫೈಬರ್ ನಿಂತಿದೆ" ಅಂದರೆ ಸೆಕ್ಯುರಿಟಿಯವರಿಗೂ ಗೊತ್ತಾಗುತ್ತದೆ. ಪೋರ್ಟ್ ವಿವರಣೆಯನ್ನು ಜ್ಯಾಬಿಕ್ಸ್ 1.3.6.1.2.1.31.1.1.1.18 ಎಂಬ ವಿಳಾಸದಿಂದ ತಾನೇ ಓದಿಕೊಳ್ಳುತ್ತದೆ.

ಊರುಗಳಿಗೆ ನಾವು ರೈಲ್ವೆ ಸ್ಟೇಷನ್ ಕೋಡ್ ಇಟ್ಟೆವು. ದಾವಣಗೆರೆಗೆ ಡಿವಿಜಿ, ಹರಿಹರಕ್ಕೆ ಎಚ್‌ಆರ್‌ಆರ್, ಚಿತ್ರದುರ್ಗಕ್ಕೆ ಸಿಟಿಎ. ಟಿಕೆಟ್ ಮೇಲೆ ನೋಡಿ ನೋಡಿ ಎಲ್ಲರಿಗೂ ಗೊತ್ತಿರುವ ಅಕ್ಷರಗಳು. ಹೊಸದಾಗಿ ಸೇರಿದವರಿಗೆ ಹೇಳಿಕೊಡಬೇಕಿಲ್ಲ.

ಇದೇ ಸುತ್ತಿನಲ್ಲಿ ಎಲ್ಲ ಉಪಕರಣಗಳ ಗಡಿಯಾರವನ್ನೂ ಸಮಯ ಹೇಳುವ ಒಂದೇ ಎನ್‌ಟಿಪಿ ಸರ್ವರ್‌ಗೆ ಕಟ್ಟಿ. ಒಂದು ಸ್ವಿಚ್‌ನ ಲಾಗ್‌ನಲ್ಲಿ ಬೆಳಿಗ್ಗೆ 9, ಇನ್ನೊಂದರಲ್ಲಿ ಮಧ್ಯರಾತ್ರಿ ಅಂತ ಇದ್ದರೆ ಯಾವುದು ಮೊದಲು ಕೆಟ್ಟಿತು ಎಂದು ಹುಡುಕುವುದು ಆಗದ ಮಾತು.

ಹೆಜ್ಜೆ 2: ಉಪಕರಣಗಳ ಬಾಯಿ ತೆರೆಸುವುದು

ಎಸ್‌ಎನ್‌ಎಂಪಿಯಲ್ಲಿ ಮೂರು ತಲೆಮಾರುಗಳಿವೆ. ಒಂದು ಮತ್ತು ಎರಡನೇ ತಲೆಮಾರಿನಲ್ಲಿ ಗುಪ್ತಪದ ಬಿಚ್ಚಿಟ್ಟಂತೆ ತಂತಿಯಲ್ಲಿ ಹೋಗುತ್ತದೆ. ಎಷ್ಟೋ ಕಡೆ ಆ ಪದ ಇವತ್ತಿಗೂ "ಪಬ್ಲಿಕ್" ಎಂದೇ ಇದೆ. 2002ರಲ್ಲಿ ಪೂರ್ಣ ಮಾನದಂಡವಾದ ಮೂರನೇ ತಲೆಮಾರಿನಲ್ಲಿ ಬಳಕೆದಾರರ ಹೆಸರು, ದೃಢೀಕರಣ, ಗೂಢಲಿಪಿ ಎಲ್ಲ ಇವೆ. ಉಪಕರಣ ಅದನ್ನು ಒಪ್ಪುವುದಾದರೆ ಅದನ್ನೇ ಬಳಸಿ.

ಸ್ವಿಚ್‌ನಲ್ಲಿ ಮಾಡಬೇಕಾದ್ದು ಇಷ್ಟು. ಓದಲು ಮಾತ್ರ ಅನುಮತಿ ಇರುವ ಒಬ್ಬ ಬಳಕೆದಾರನನ್ನು ಸೃಷ್ಟಿಸಿ. ದೃಢೀಕರಣಕ್ಕೆ ಶಾ (SHA), ಗೂಢಲಿಪಿಗೆ ಎಇಎಸ್ (AES) ಎಂಬ ವಿಧಾನ ಆರಿಸಿ. ಎರಡು ಪಾಸ್‌ವರ್ಡ್‌ಗಳೂ ಕನಿಷ್ಠ 8 ಅಕ್ಷರ ಇರಬೇಕು, ಎರಡೂ ಬೇರೆ ಬೇರೆ ಇರಲಿ. ಹಳೆಯ "ಪಬ್ಲಿಕ್" ಪದವನ್ನು ಅಳಿಸಿ. ನಿಗಾ ಸರ್ವರ್‌ನ ಐಪಿ ವಿಳಾಸದಿಂದ ಬಂದ ಪ್ರಶ್ನೆಗಷ್ಟೇ ಉತ್ತರ ಕೊಡುವಂತೆ ಪ್ರವೇಶ ಪಟ್ಟಿ ಹಾಕಿ. ಫೈರ್‌ವಾಲ್‌ನಲ್ಲಿ ಯುಡಿಪಿ 161 (ಇದೂ ಪೋರ್ಟ್ ಸಂಖ್ಯೆಯೇ, ಆದರೆ ಕೇಬಲ್‌ನ ಕಿಂಡಿಯಲ್ಲ, ಸಾಫ್ಟ್‌ವೇರ್‌ನ ಬಾಗಿಲು) ಸರ್ವರ್‌ನಿಂದ ಉಪಕರಣದ ಕಡೆಗೆ, 162 ಉಪಕರಣದಿಂದ ಸರ್ವರ್ ಕಡೆಗೆ ತೆರೆದಿರಬೇಕು.

ಈಗ ಸರ್ವರ್‌ನಲ್ಲಿ ಕೂತು ಎಸ್‌ಎನ್‌ಎಂಪಿವಾಕ್ (snmpwalk) ಎಂಬ ಆದೇಶದಿಂದ 1.3.6.1.2.1.1 ವಿಳಾಸವನ್ನು ಓದಿ. ಹೆಸರು, ಸ್ಥಳ, ಎಷ್ಟು ಹೊತ್ತಿನಿಂದ ಓಡುತ್ತಿದೆ ಎಲ್ಲ ಬಂದರೆ ಆಯಿತು. ಉತ್ತರವೇ ಬರದಿದ್ದರೆ ಮೊದಲು ಫೈರ್‌ವಾಲ್ ನೋಡಿ. "ದೃಢೀಕರಣ ವಿಫಲ" ಎಂದು ಬಂದರೆ ಪಾಸ್‌ವರ್ಡ್ ನೋಡಿ. ಇದು ಸರಿಯಾಗುವ ಮೊದಲು ಮುಂದಿನ ಹೆಜ್ಜೆಗೆ ಹೋಗಬೇಡಿ. ಹೋದರೆ ತಪ್ಪು ಎಲ್ಲಿದೆ ಅಂತ ಮೂರು ಸಾಫ್ಟ್‌ವೇರ್‌ಗಳಲ್ಲಿ ಹುಡುಕಬೇಕಾಗುತ್ತದೆ.

ಐಪಿ ವಿಳಾಸವೇ ಇಲ್ಲದ ಅಗ್ಗದ ಸ್ವಿಚ್‌ಗಳು ಎಲ್ಲ ಕಡೆ ಇರುತ್ತವೆ. ಅವುಗಳನ್ನು ನೇರವಾಗಿ ಕೇಳಲಾಗದು. ಅವು ಯಾವ ದೊಡ್ಡ ಸ್ವಿಚ್‌ನ ಯಾವ ಪೋರ್ಟ್‌ಗೆ ಸೇರಿವೆಯೋ ಆ ಪೋರ್ಟ್ ಮೇಲೆ ಕಣ್ಣಿಡಿ. ಪೋರ್ಟ್ ಸ್ಥಿತಿಯ ವಿಳಾಸ 1.3.6.1.2.1.2.2.1.8. ಅಲ್ಲಿ 1 ಬಂದರೆ ಓಡುತ್ತಿದೆ, 2 ಬಂದರೆ ನಿಂತಿದೆ.

ಹೆಜ್ಜೆ 3: ಜ್ಯಾಬಿಕ್ಸ್‌ಗೆ ಕೇಳುವುದನ್ನು ಕಲಿಸುವುದು

ಜ್ಯಾಬಿಕ್ಸ್ ಹಾಕುವ ವಿಧಾನ ಅವರದೇ ಪುಟದಲ್ಲಿ ಚೆನ್ನಾಗಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ. ಕನ್ನಡದಲ್ಲಿ ಸುದ್ದಿ ಬರಬೇಕಾದರೆ ಡೇಟಾಬೇಸ್ ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿರಬೇಕು. ಪೋಸ್ಟ್‌ಗ್ರೆಸ್ ಆದರೆ ಯುಟಿಎಫ್-8, ಮೈಎಸ್‌ಕ್ಯೂಎಲ್ ಆದರೆ ಯುಟಿಎಫ್8ಎಂಬಿ4. ಆಮೇಲೆ ಬದಲಿಸಲು ಹೋದರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ.

ಪ್ರತಿ ಉಪಕರಣವನ್ನೂ ಸೇರಿಸಿ, ಅದರ ಕಂಪನಿಗೆ ತಕ್ಕ ಸಿದ್ಧ ಟೆಂಪ್ಲೇಟ್, ಅಂದರೆ ಏನೇನು ಅಳೆಯಬೇಕು ಎಂಬ ಪಟ್ಟಿ, ಕಟ್ಟಿ. ಟೆಂಪ್ಲೇಟ್ ಕಟ್ಟಿದ ಕೂಡಲೇ ನೂರಾರು ವಿಷಯಗಳನ್ನು ಅದು ಅಳೆಯಲು ಶುರುಮಾಡುತ್ತದೆ. ಖುಷಿಯಾಗುತ್ತದೆ. ಆದರೆ ತರಗತಿಯ ಲ್ಯಾಪ್‌ಟಾಪ್ ಕಿತ್ತಾಗಲೆಲ್ಲ "ಪೋರ್ಟ್ ನಿಂತಿದೆ" ಎಂದು ಕೂಗುವ ವ್ಯವಸ್ಥೆ ಯಾರಿಗೂ ಬೇಡ. ಹಾಗಾಗಿ ಪೋರ್ಟ್ ಪತ್ತೆ ನಿಯಮದಲ್ಲಿ ಒಂದು ಸೋಸುವ ಷರತ್ತು ಹಾಕಿ: ವಿವರಣೆ ಬರೆದಿರುವ ಪೋರ್ಟ್‌ಗಳನ್ನು ಮಾತ್ರ ನೋಡು. ಹೆಜ್ಜೆ 1ರ ಎರಡು ವಾರದ ಕೂಲಿ ಇಲ್ಲಿ ಕೈಗೆ ಬರುತ್ತದೆ.

ಪಿಂಗ್ ಅನ್ನು, ಅಂದರೆ ಉಪಕರಣಕ್ಕೆ "ಇದ್ದೀಯಾ?" ಎಂದು ಕೇಳುವುದನ್ನು, ನಿಮಿಷಕ್ಕೊಮ್ಮೆ ಮಾಡಿ, ಮೂರು ಸಲ ಸತತವಾಗಿ ಉತ್ತರ ಬರದಿದ್ದರೆ ಮಾತ್ರ ತೊಂದರೆ ಎನ್ನಿ. ಗಿಗಾಬಿಟ್ ಪೋರ್ಟ್‌ನ ದಟ್ಟಣೆ ಅಳೆಯಲು 64 ಬಿಟ್‌ನ ಎಣಿಕೆಯನ್ನೇ ಬಳಸಿ. 32 ಬಿಟ್‌ನದು ತುಂಬು ವೇಗದಲ್ಲಿ ಸುಮಾರು 34 ಸೆಕೆಂಡಿಗೆ ಸುತ್ತು ಹೊಡೆದು ಸೊನ್ನೆಗೆ ಬರುತ್ತದೆ, ನಿಮ್ಮ ಗ್ರಾಫ್ ಸುಳ್ಳು ಹೇಳುತ್ತದೆ.

ಇನ್ನು ಟ್ರ್ಯಾಪ್. ಉಪಕರಣ ತಾನಾಗಿಯೇ ಕೂಗಿ ಹೇಳುವುದು ಟ್ರ್ಯಾಪ್. ಪೋರ್ಟ್ ನಿಂತಾಗ 1.3.6.1.6.3.1.1.5.3, ಮತ್ತೆ ಎದ್ದಾಗ 1.3.6.1.6.3.1.1.5.4. ತಕ್ಷಣ ಬರುತ್ತದೆ, ಅದು ಅದರ ಗುಣ. ಆದರೆ ಯುಡಿಪಿಯಲ್ಲಿ ಹೋಗುವುದರಿಂದ ತಲುಪಿತೋ ಇಲ್ಲವೋ ಅನ್ನುವುದು ಕಳಿಸಿದವರಿಗೆ ಗೊತ್ತಾಗುವುದಿಲ್ಲ. ಕರೆಂಟ್ ಹೋಗಿ ಸತ್ತ ಸ್ವಿಚ್ ಸಾಮಾನ್ಯವಾಗಿ ಟ್ರ್ಯಾಪ್ ಕಳಿಸುವುದೂ ಇಲ್ಲ. ನನ್ನ ಅಭಿಪ್ರಾಯ: ಪಿಂಗ್ ಮತ್ತು ಪೋರ್ಟ್ ಸ್ಥಿತಿ ಕೇಳಿ ತಿಳಿಯುವುದನ್ನೇ ನಂಬಿ, ಟ್ರ್ಯಾಪ್ ಅನ್ನು ಮುಂಚಿನ ಸೂಚನೆ ಅಂತ ಇಟ್ಟುಕೊಳ್ಳಿ. ಶುರುವಿನಲ್ಲಿ ಟ್ರ್ಯಾಪ್ ಇಲ್ಲದೆಯೇ ನಡೆಸಿದರೂ ಏನೂ ನಷ್ಟವಿಲ್ಲ.

ಹೆಜ್ಜೆ 4: ಕರೆಂಟ್ ಹೋದರೆ ಒಂದೇ ಸುದ್ದಿ

ಏಪ್ರಿಲ್‌ನ ಒಂದು ಸಂಜೆ. ನಮ್ಮ ಕಡೆ ಆಗ ಬರುವ ಗಾಳಿ-ಮಳೆ ನಿಮಗೆ ಗೊತ್ತಲ್ವಾ, ಮೊದಲು ಧೂಳು, ಆಮೇಲೆ ಸಿಡಿಲು, ಅದರ ಹಿಂದೆಯೇ ಕತ್ತಲು. ಚಾಟ್ ಜೋಡಿಸಿ ಇನ್ನೂ ಒಂದು ವಾರ ಆಗಿತ್ತು. ಹತ್ತು ನಿಮಿಷದಲ್ಲಿ ಇನ್ನೂರಕ್ಕೂ ಹೆಚ್ಚು ಸುದ್ದಿಗಳು ಬಿದ್ದವು. ಪ್ರತಿ ಸ್ವಿಚ್, ಪ್ರತಿ ಫೈಬರ್, ಪ್ರತಿ ವೈಫೈ ಪೆಟ್ಟಿಗೆ. ನಾನೂ ಸೇರಿ ಮೂವರೂ ಚಾನಲ್‌ನ ಸದ್ದು ಬಂದ್ ಮಾಡಿದೆವು. ಆ ರಾಶಿಯ ನಡುವೆ ಒಂದು ಸಾಲು ಇತ್ತು: ಸರ್ವರ್ ಕೋಣೆಯ ಯುಪಿಎಸ್ ಬ್ಯಾಟರಿ ಮುಗಿಯುತ್ತಿದೆ. ಯಾರೂ ಓದಲಿಲ್ಲ. ಜನರೇಟರ್ ಹಾಕಿಸಲು ಒಂದು ಫೋನ್ ಸಾಕಿತ್ತು. ಅದು ಆಗದೆ ಸರ್ವರ್‌ಗಳು ದಪ್ಪನೆ ನಿಂತವು.

ಅದಕ್ಕೇ ಈ ಹೆಜ್ಜೆಯನ್ನು ಚಾಟ್ ಜೋಡಿಸುವ ಮೊದಲೇ ಮಾಡಿ ಅನ್ನುತ್ತೇನೆ.

ಜ್ಯಾಬಿಕ್ಸ್‌ನಲ್ಲಿ ಒಂದು ತೊಂದರೆ ಇನ್ನೊಂದನ್ನು ಅವಲಂಬಿಸಿದೆ ಎಂದು ಹೇಳಬಹುದು. ಮೇಲಿನದು ಕೆಟ್ಟಿರುವಾಗ ಕೆಳಗಿನದರ ಸುದ್ದಿ ಹೊರಡುವುದಿಲ್ಲ. ಮಹಡಿಯ ಸ್ವಿಚ್ ಕಟ್ಟಡದ ಮುಖ್ಯ ಸ್ವಿಚ್‌ಗೆ, ಕಟ್ಟಡದ್ದು ಊರಿನ ಲಿಂಕ್‌ಗೆ ಹೀಗೆ ಕಟ್ಟುತ್ತಾ ಹೋಗಿ. ಚಿತ್ರದುರ್ಗದ ಲಿಂಕ್ ಹೋದರೆ ಬರಬೇಕಾದ್ದು ಒಂದೇ ಸುದ್ದಿ.

ಇಲ್ಲೊಂದು ಸೂಕ್ಷ್ಮವಿದೆ. ಮೇಲಿನದು ತಾಯಿ, ಕೆಳಗಿನದು ಮಗು ಅನ್ನೋಣ. ಮಗುವಿನ ತೊಂದರೆ ತಾಯಿಯದಕ್ಕಿಂತ ಮೊದಲೇ ಕಣ್ಣಿಗೆ ಬಿದ್ದರೆ ಅವಲಂಬನೆ ಕೆಲಸ ಮಾಡುವುದಿಲ್ಲ, ಸುದ್ದಿ ಆಗಲೇ ಹೊರಟಿರುತ್ತದೆ. ಹಾಗಾಗಿ ಮೇಲಿನವುಗಳನ್ನು ಬೇಗ ಬೇಗ ಕೇಳಿ, ಉದಾಹರಣೆಗೆ 30 ಸೆಕೆಂಡಿಗೊಮ್ಮೆ. ಕೆಳಗಿನವನ್ನು ನಿಮಿಷಕ್ಕೊಮ್ಮೆ. ಜೊತೆಗೆ ಸುದ್ದಿ ಕಳಿಸುವ ಕ್ರಿಯೆಯನ್ನು ಮೊದಲ ಹಂತದಲ್ಲಿ ಖಾಲಿ ಬಿಟ್ಟು ಎರಡನೇ ಹಂತದಿಂದ ಶುರುಮಾಡಿ. ಹಂತದ ಅವಧಿ 60 ಸೆಕೆಂಡ್ ಇಟ್ಟರೆ ಒಂದು ನಿಮಿಷದೊಳಗೆ ತಾನೇ ಸರಿಹೋದದ್ದರ ಸುದ್ದಿ ಬರುವುದೇ ಇಲ್ಲ.

ಯುಪಿಎಸ್‌ಗೆ ನೆಟ್‌ವರ್ಕ್ ಕಾರ್ಡ್ ಇದ್ದರೆ ದಯವಿಟ್ಟು ಬಳಸಿ. ಬಹಳಷ್ಟು ಕಾರ್ಡ್‌ಗಳು ಒಂದೇ ಮಾನದಂಡದ ವಿಳಾಸಗಳನ್ನು ಒಪ್ಪುತ್ತವೆ. 1.3.6.1.2.1.33.1.4.1.0 ಓದಿದರೆ 3 ಅಂದರೆ ಮಾಮೂಲಿ ಕರೆಂಟ್, 5 ಅಂದರೆ ಬ್ಯಾಟರಿ. 1.3.6.1.2.1.33.1.2.3.0 ಇನ್ನೆಷ್ಟು ನಿಮಿಷ ಉಳಿದಿದೆ ಎಂದು ಹೇಳುತ್ತದೆ. "ಬ್ಯಾಟರಿ ಮೇಲಿದೆ" ಎಂಬ ತೊಂದರೆಯನ್ನು ಆ ಕಟ್ಟಡದ ಎಲ್ಲ ಸ್ವಿಚ್‌ಗಳ ತಾಯಿಯಾಗಿ ಕಟ್ಟಿ. ಬ್ಯಾಟರಿ ಮುಗಿದು ಯುಪಿಎಸ್ ಕಾರ್ಡ್ ಕೂಡ ಸತ್ತರೆ? ಕೊನೆಗೆ ಓದಿದ ಬೆಲೆ 5 ಹಾಗೇ ಉಳಿದಿರುತ್ತದೆ, ತೊಂದರೆ ತೆರೆದೇ ಇರುತ್ತದೆ, ಕೆಳಗಿನ ಸ್ವಿಚ್‌ಗಳ ಸುದ್ದಿ ತಡೆದೇ ಇರುತ್ತದೆ. ನಮಗೆ ಬೇಕಾದದ್ದೂ ಅದೇ.

ಹೆಜ್ಜೆ 5: ಸರತಿಯ ಹೊಂಡ ತೋಡುವುದು

ರ‍್ಯಾಬಿಟ್‌ಎಂಕ್ಯೂ ಬಂದದ್ದು 2007ರಲ್ಲಿ. ಅದು ಮಾತಾಡುವ ಎಎಂಕ್ಯೂಪಿ ಎಂಬ ಭಾಷೆ ಹುಟ್ಟಿದ್ದು ಬ್ಯಾಂಕ್ ವ್ಯವಹಾರಕ್ಕಾಗಿ, ಜೆಪಿ ಮಾರ್ಗನ್ ಚೇಸ್‌ನಲ್ಲಿ, 2003ರಲ್ಲಿ. ಹಣದ ಸುದ್ದಿ ಕಳೆದುಹೋಗಬಾರದು ಎಂದು ಮಾಡಿದ್ದು ಸ್ವಿಚ್‌ನ ಸುದ್ದಿಗೂ ಚೆನ್ನಾಗಿಯೇ ಹೊಂದುತ್ತದೆ.

ಹಾಕಿದ ಮೇಲೆ ನಿರ್ವಹಣೆಯ ಪ್ಲಗಿನ್ ಚಾಲೂ ಮಾಡಿ. ಬ್ರೌಸರ್‌ನಲ್ಲಿ 15672 ಪೋರ್ಟ್‌ನಲ್ಲಿ ಪುಟ ತೆರೆಯುತ್ತದೆ. ಸುದ್ದಿ ಹೋಗುವುದು 5672ರಲ್ಲಿ, ಟಿಎಲ್‌ಎಸ್ ಎಂಬ ಗೂಢಲಿಪಿ ಇದ್ದರೆ 5671ರಲ್ಲಿ. ಮೊದಲೇ ಇರುವ "ಗೆಸ್ಟ್" ಬಳಕೆದಾರನನ್ನು ತೆಗೆದುಹಾಕಿ. ನಿಗಾಕ್ಕೆಂದೇ ಒಂದು ವರ್ಚುವಲ್ ಹೋಸ್ಟ್, ಅಂದರೆ ರ‍್ಯಾಬಿಟ್ ಒಳಗೇ ಒಂದು ಪ್ರತ್ಯೇಕ ವಿಭಾಗ, ಮಾಡಿ. ಅದರಲ್ಲಿ ಇಬ್ಬರು ಬಳಕೆದಾರರು: ಒಬ್ಬ ಬರೆಯಲು ಮಾತ್ರ, ಒಬ್ಬ ಓದಲು ಮಾತ್ರ.

ಈಗ ವಿನಿಮಯ ಕೇಂದ್ರ, ಅಂದರೆ ಎಕ್ಸ್‌ಚೇಂಜ್. ಟಾಪಿಕ್ ಬಗೆಯದನ್ನು ಆರಿಸಿ. ಸುದ್ದಿಯ ಮೇಲೆ ಒಂದು ವಿಳಾಸದ ಚೀಟಿ ಇರುತ್ತದೆ, ಅದಕ್ಕೆ ರೂಟಿಂಗ್ ಕೀ ಎನ್ನುತ್ತಾರೆ. ನಾವು ಊರು, ಕಟ್ಟಡ, ಬಗೆ, ತೀವ್ರತೆ ಎಂಬ ನಾಲ್ಕು ಪದಗಳನ್ನು ಚುಕ್ಕೆಯಿಂದ ಸೇರಿಸಿದೆವು. "ಡಿವಿಜಿ.ಹಾಸ್ಟೆಲ್.ಸ್ವಿಚ್.ಹೈ" ಎಂಬಂತೆ. ಇಲ್ಲಿ ಓದಲು ಕನ್ನಡದಲ್ಲಿ ಬರೆದಿದ್ದೇನೆ, ನಿಜವಾದ ಕೀಯನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಇಡಿ. ಅದಕ್ಕೆ 255 ಬೈಟ್‌ಗಳ ಮಿತಿ ಇದೆ, ಕನ್ನಡದ ಒಂದೊಂದು ಚಿಹ್ನೆ ಮೂರು ಬೈಟ್ ತಿನ್ನುತ್ತದೆ.

ಸರತಿಗಳು ಮೂರು. ಚಾಟ್‌ನ ಸರತಿಗೆ ಎಲ್ಲವೂ ಬರಲಿ, ಅದಕ್ಕೆ ಹ್ಯಾಶ್ ಚಿಹ್ನೆ ಕೊಟ್ಟರೆ ಸಾಕು, ಎಷ್ಟು ಪದಗಳಿದ್ದರೂ ಅದು ಒಪ್ಪುತ್ತದೆ. ಎಸ್‌ಎಂಎಸ್ ಸರತಿಗೆ ಕೊನೆಯ ಪದ "ಡಿಸಾಸ್ಟರ್" ಇರುವುದು ಮಾತ್ರ. ಮೊದಲ ಮೂರು ಜಾಗಗಳಿಗೆ ನಕ್ಷತ್ರ ಚಿಹ್ನೆ, ಒಂದು ನಕ್ಷತ್ರಕ್ಕೆ ಒಂದು ಪದ. ಮೂರನೆಯದು ದಾಖಲೆಗೆ. ಸರತಿಯನ್ನು ಬಾಳಿಕೆಯದು ಎಂದು ಗುರುತು ಮಾಡಿ, ಸುದ್ದಿಯನ್ನೂ ಡಿಸ್ಕ್‌ನಲ್ಲಿ ಉಳಿಯುವಂತೆ ಗುರುತು ಮಾಡಿ. ಸರತಿಗೆ ಮಾತ್ರ ಗುರುತು ಮಾಡಿದರೆ ಸರ್ವರ್ ಮತ್ತೆ ಎದ್ದಾಗ ಸರತಿ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಸುದ್ದಿಗೆ ಮಾತ್ರ ಮಾಡಿದರೆ ಸರತಿಯೇ ಇರುವುದಿಲ್ಲ. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ.

ಹೆಜ್ಜೆ 6: ಜ್ಯಾಬಿಕ್ಸ್‌ನಿಂದ ಸರತಿಗೆ

ಜ್ಯಾಬಿಕ್ಸ್‌ನಲ್ಲಿ "ಸ್ಕ್ರಿಪ್ಟ್" ಬಗೆಯ ಹೊಸ ಮಾಧ್ಯಮ ಸೇರಿಸಿ. ಅದು ನಿಮ್ಮ ಪೈಥಾನ್ ಕಡತವನ್ನು ಓಡಿಸುತ್ತದೆ. ಕಡತಕ್ಕೆ ಕೊಡಬೇಕಾದ ವಿವರಗಳು: ಘಟನೆಯ ಸಂಖ್ಯೆ, ಉಪಕರಣದ ಹೆಸರು, ತೊಂದರೆಯ ಹೆಸರು, ತೀವ್ರತೆ, ಘಟನೆ ನಡೆದ ಸಮಯ, ತೊಂದರೆಯೋ ಪರಿಹಾರವೋ ಎಂಬ ಗುರುತು. ಊರು, ಕಟ್ಟಡಗಳನ್ನು ಉಪಕರಣದ ಟ್ಯಾಗ್‌ಗಳಾಗಿ ಇಟ್ಟರೆ ಅವೂ ಜೊತೆಗೆ ಬರುತ್ತವೆ.

ಪ್ರೋಗ್ರಾಂ ಇವನ್ನೆಲ್ಲ ಜೇಸನ್ ಎಂಬ ಪಠ್ಯ ರೂಪದ ಒಂದು ತುಣುಕಾಗಿ ಕಟ್ಟಿ, ಪಿಕಾ ಎಂಬ ಲೈಬ್ರರಿಯ ಮೂಲಕ ಕೇಂದ್ರಕ್ಕೆ ಹಾಕಬೇಕು. ಕಳಿಸುವವನಿಗೆ ಖಾತರಿ ಬರುವ ವಿಧಾನವನ್ನು, ಅಂದರೆ ಪಬ್ಲಿಷರ್ ಕನ್ಫರ್ಮ್ ಅನ್ನು, ಚಾಲೂ ಮಾಡಿ. ಖಾತರಿ ಬಂದರೆ ಪ್ರೋಗ್ರಾಂ ಸೊನ್ನೆ ಹೇಳಿ ಮುಗಿಯಲಿ, ಬರದಿದ್ದರೆ ಬೇರೆ ಸಂಖ್ಯೆ ಹೇಳಿ ಮುಗಿಯಲಿ. ಆಗ ಜ್ಯಾಬಿಕ್ಸ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಮೊದಲೇ ಇಟ್ಟ ಸಂಖ್ಯೆ ಮೂರು ಸಲ, ಪುಟದಲ್ಲಿ ಬದಲಿಸಬಹುದು.

ಹೆಜ್ಜೆ 7: ಸರತಿಯಿಂದ ಚಾಟ್‌ಗೆ

ಮ್ಯಾಟರ್‌ಮೋಸ್ಟ್‌ನಲ್ಲಿ ಸುಲಭದ ದಾರಿ ಒಳಬರುವ ವೆಬ್‌ಹುಕ್. ಒಂದು ವಿಳಾಸ ಸಿಗುತ್ತದೆ, ಅದಕ್ಕೆ ಜೇಸನ್ ಕಳಿಸಿದರೆ ಚಾನಲ್‌ನಲ್ಲಿ ಸಾಲು ಮೂಡುತ್ತದೆ. ಆ ವಿಳಾಸವೇ ಬೀಗದ ಕೈ, ಸಿಕ್ಕವರೆಲ್ಲ ಬರೆಯಬಹುದು. ಪ್ರೋಗ್ರಾಂ ಒಳಗೆ ಬರೆದಿಡಬೇಡಿ, ಬೇರೆ ಕಡತದಲ್ಲಿ ಇಟ್ಟು ಬೇರೆಯವರು ಓದದಂತೆ ಮಾಡಿ.

ನಾವು ಸ್ವಲ್ಪ ದಿನ ಇದನ್ನೇ ಬಳಸಿ, ಆಮೇಲೆ ಬಾಟ್ ಖಾತೆಗೆ, ಅಂದರೆ ಪ್ರೋಗ್ರಾಂಗೆಂದೇ ಇರುವ ಚಾಟ್ ಖಾತೆಗೆ, ಹೋದೆವು. ಕಾರಣ, ತೊಂದರೆ ಸರಿಹೋದ ಸುದ್ದಿ ಅದೇ ತೊಂದರೆಯ ಸಾಲಿನ ಕೆಳಗೆ ಉತ್ತರವಾಗಿ ಬರಬೇಕು ಅನ್ನಿಸಿತು. ಬಾಟ್ ಆದರೆ ಮೊದಲು ಹಾಕಿದ ಸಾಲಿನ ಗುರುತನ್ನು ಘಟನೆಯ ಸಂಖ್ಯೆಯ ಜೊತೆ ಒಂದು ಚಿಕ್ಕ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಬಹುದು. ಪರಿಹಾರ ಬಂದಾಗ ಆ ಗುರುತಿನ ಕೆಳಗೆ ಬರೆಯುತ್ತದೆ. ಹಾಗೆಯೇ ಒಂದೇ ಸುದ್ದಿ ಎರಡು ಸಲ ಬಂದರೆ ಸಂಖ್ಯೆ ನೋಡಿ ಬಿಡಬಹುದು. ಸರತಿಯ ವ್ಯವಸ್ಥೆಯಲ್ಲಿ ಸುದ್ದಿ ಎರಡು ಸಲ ಬರುವುದು ತಪ್ಪೇನಲ್ಲ, ಅದನ್ನು ಎದುರು ನೋಡಿಯೇ ಬರೆಯಬೇಕು.

ಓದುವ ಪ್ರೋಗ್ರಾಂನಲ್ಲಿ ಗಮನಿಸಬೇಕಾದ್ದು ಮೂರು. ಸುದ್ದಿ ಮುಟ್ಟಿತು ಎಂಬ ಒಪ್ಪಿಗೆಯನ್ನು ಚಾಟ್ ಸರ್ವರ್ ಸರಿ ಎಂದು ಉತ್ತರಿಸಿದ ಮೇಲೆಯೇ ಕೊಡಿ, ಸರತಿಯಿಂದ ಎತ್ತಿದ ಕೂಡಲೇ ಅಲ್ಲ. ಚಾಟ್ ಸರ್ವರ್ ಸತ್ತಿದ್ದರೆ ಸುದ್ದಿಯನ್ನು ಅದೇ ಸರತಿಗೆ ವಾಪಸ್ ಹಾಕಬೇಡಿ. ಹಾಕಿದರೆ ತಕ್ಷಣ ಮತ್ತೆ ಕೈಗೆ ಬರುತ್ತದೆ, ಮತ್ತೆ ಸೋಲುತ್ತದೆ, ಸೆಕೆಂಡಿಗೆ ನೂರಾರು ಸಲ ಇದೇ ಆಟ ನಡೆಯುತ್ತದೆ. ಬದಲಿಗೆ "ಕಾಯುವ ಸರತಿ" ಒಂದು ಮಾಡಿ. ಅಲ್ಲಿ 30 ಸೆಕೆಂಡ್ ಆಯಸ್ಸು ಇಡಿ, ಆಯಸ್ಸು ಮುಗಿದದ್ದು ಡೆಡ್ ಲೆಟರ್ ದಾರಿಯಿಂದ ಮೂಲ ಸರತಿಗೆ ಬರುವಂತೆ ಮಾಡಿ.

ಮೂರನೆಯದು ಗುಂಪು ಮಾಡುವುದು. ಅವಲಂಬನೆ ಕಟ್ಟಿದ ಮೇಲೂ ಕೆಲವು ಸಲ ರಾಶಿ ಬರುತ್ತದೆ. 30 ಸೆಕೆಂಡಿನಲ್ಲಿ ಒಂದೇ ಕಟ್ಟಡದಿಂದ ಐದಕ್ಕಿಂತ ಜಾಸ್ತಿ ಬಂದರೆ ಒಂದೇ ಸಾಲಾಗಿ ಸೇರಿಸಿ. ಇದಕ್ಕೆ ಪ್ರೋಗ್ರಾಂ ಒಮ್ಮೆಗೆ 50ರಷ್ಟು ಸುದ್ದಿ ಕೈಯಲ್ಲಿ ಹಿಡಿಯುವ ಅನುಮತಿ ಬೇಕು, ಅದೇ ಪ್ರಿಫೆಚ್. ಕಾಯಲು ಸ್ಲೀಪ್ ಆದೇಶ ಹಾಕಬೇಡಿ. ಸುಮ್ಮನೆ ಮಲಗಿದ ಪ್ರೋಗ್ರಾಂ ನಾಡಿಮಿಡಿತ, ಅಂದರೆ ಸಂಪರ್ಕ ಜೀವಂತವಾಗಿದೆ ಎಂಬ ಸಂಕೇತ, ಕಳಿಸುವುದಿಲ್ಲ, ರ‍್ಯಾಬಿಟ್ ಸಂಪರ್ಕ ಕಡಿದುಬಿಡಬಹುದು. ಪಿಕಾದ ಟೈಮರ್ ಬಳಸಿ.

ಹೆಜ್ಜೆ 8: ಸುದ್ದಿಯ ಮಾತು

ನಮ್ಮ ಮೊದಲ ಸುದ್ದಿಗಳು ಜ್ಯಾಬಿಕ್ಸ್ ಕೊಟ್ಟ ಇಂಗ್ಲಿಷ್‌ನಲ್ಲೇ ಇದ್ದವು. ಉಪಕರಣದ ಹೆಸರು, ಪೋರ್ಟ್ ಸಂಖ್ಯೆ, ಒಂದು ಕೊಂಡಿ. ಚಾನಲ್‌ನಲ್ಲಿ ಎಲೆಕ್ಟ್ರಿಷಿಯನ್, ಹಾಸ್ಟೆಲ್ ಮೇಲ್ವಿಚಾರಕರು, ಚಿತ್ರದುರ್ಗದ ಕಚೇರಿ ಸಹಾಯಕರು ಕೂಡ ಇದ್ದರು. ಅವರು ಓದುತ್ತಿರಲಿಲ್ಲ. ಓದಿದರೂ ಅದು ತಮಗೆ ಹೇಳಿದ್ದು ಅನ್ನಿಸುತ್ತಿರಲಿಲ್ಲ. ಯಂತ್ರ ಯಂತ್ರದ ಜೊತೆ ಮಾತಾಡುತ್ತಿದ್ದಂತೆ ಇತ್ತು.

ಈಗಿನ ಒಂದು ಸುದ್ದಿ ಹೀಗಿರುತ್ತದೆ:

"ಚಿತ್ರದುರ್ಗ, ಲೈಬ್ರರಿ: ಕರೆಂಟ್ ಇಲ್ಲ, ಯುಪಿಎಸ್ ಮೇಲೆ ಓಡುತ್ತಿದೆ. ಇನ್ನು 18 ನಿಮಿಷ. ಶುರುವಾಗಿದ್ದು ಸಂಜೆ 5:42. ಜನರೇಟರ್ ಹಾಕಿಸಿ. ನೋಡಬೇಕಾದವರು: ಚಿತ್ರದುರ್ಗ ಎಲೆಕ್ಟ್ರಿಷಿಯನ್."

ಊರು ಮತ್ತು ಜಾಗ ಮೊದಲು, ಯಾಕಂದರೆ ಫೋನ್ ಮೇಲೆ ತಟ್ಟನೆ ಕಾಣುವುದು ಮೊದಲ ಸಾಲು. ಆಮೇಲೆ ಏನಾಗಿದೆ. ಆಮೇಲೆ ಏನು ಮಾಡಬೇಕು. ಕೊನೆಗೆ ಯಾರು. ಈ ಕೊನೆಯದು ಇಲ್ಲದಿದ್ದರೆ ಎಲ್ಲರೂ ಓದುತ್ತಾರೆ, ಇನ್ನೊಬ್ಬರು ಹೋಗಿರಬಹುದು ಅಂದುಕೊಳ್ಳುತ್ತಾರೆ. ಪ್ರತಿ ತೊಂದರೆಗೂ "ಏನು ಮಾಡಬೇಕು" ಎಂಬ ಸಾಲನ್ನು ನಾವು ಕೂತು ಕೈಯಾರೆ ಬರೆದೆವು. ಬರೆಯುವಾಗ ಇನ್ನೊಂದು ಗೊತ್ತಾಯಿತು. ಕೆಲವು ತೊಂದರೆಗಳಿಗೆ ಬರೆಯಲು ಏನೂ ಇರಲಿಲ್ಲ. ಸ್ವಿಚ್‌ನ ಪ್ರೊಸೆಸರ್ ಎರಡು ನಿಮಿಷ 90 ಶೇಕಡಾ ಮುಟ್ಟಿದರೆ ಯಾರು ಏನು ಮಾಡಬೇಕು? ಯಾರೂ ಏನೂ ಮಾಡಬೇಕಿಲ್ಲ. ಅಂಥವನ್ನೆಲ್ಲ ಚಾಟ್‌ನಿಂದ ತೆಗೆದು ದಾಖಲೆಯ ಸರತಿಗೆ ಮಾತ್ರ ಬಿಟ್ಟೆವು. ಅರ್ಧಕ್ಕರ್ಧ ಸದ್ದು ಇಲ್ಲೇ ಇಳಿಯಿತು.

ಘಟನೆ ನಡೆದ ಸಮಯವನ್ನು ಬಿಡಬೇಡಿ. ಸರತಿಯಲ್ಲಿ ಕಾದು ಬಂದ ಸುದ್ದಿ ಒಂದು ಗಂಟೆ ಹಳೆಯದಿರಬಹುದು. ಹತ್ತು ನಿಮಿಷಕ್ಕಿಂತ ಹಳೆಯದಾದರೆ "ತಡವಾಗಿ ಬಂದ ಸುದ್ದಿ" ಎಂದು ಮೊದಲೇ ಸೇರಿಸಿ.

ಚಾಟ್‌ನಲ್ಲಿ ಕನ್ನಡಕ್ಕೆ ಏನೂ ತೊಡಕಿಲ್ಲ. ಎಸ್‌ಎಂಎಸ್‌ನಲ್ಲಿ ಇದೆ. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರವಲ್ಲ. "ದಾವಣಗೆರೆ" ನಮ್ಮ ಕಣ್ಣಿಗೆ ಐದು, ಎಸ್‌ಎಂಎಸ್‌ಗೆ ಎಂಟು. "ಸ್ವಿಚ್" ನಮಗೆ ಎರಡು, ಅದಕ್ಕೆ ಆರು. ಹಾಗಾಗಿ ಎಸ್‌ಎಂಎಸ್‌ಗೆ ಚಿಕ್ಕ ಸಾಲು ಬೇರೆಯೇ ಬರೆಯಿರಿ: "ದುರ್ಗ ಲಿಂಕ್ ಹೋಗಿದೆ 5:42" ಅಷ್ಟು ಸಾಕು.

ಹೆಜ್ಜೆ 9: ಕಾವಲುಗಾರನಿಗೆ ಕಾವಲು

ಎಸ್‌ಎಂಎಸ್ ಯಾಕೆ ಬೇಕು ಎಂದರೆ, ದಾವಣಗೆರೆಯ ಇಂಟರ್ನೆಟ್ಟೇ ಹೋದಾಗ ಚಾಟ್ ಸುದ್ದಿ ಹೊರಗಿದ್ದವರ ಫೋನ್‌ಗೆ ಬರುವುದಿಲ್ಲ. ಸಿಮ್ ಹಾಕಿದ ಒಂದು ಜಿಎಸ್‌ಎಂ ಮೋಡೆಮ್ ಸರ್ವರ್‌ಗೆ ಸಿಕ್ಕಿಸಿದರೆ ಆ ದಾರಿ ಇಂಟರ್ನೆಟ್ ಇಲ್ಲದೆಯೇ ನಡೆಯುತ್ತದೆ. ಸಿಮ್‌ಗೆ ರೀಚಾರ್ಜ್ ಮಾಡುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ನಿಗಾ ಸರ್ವರೇ ನಿಂತರೆ? ಎಲ್ಲ ಶಾಂತವಾಗಿರುತ್ತದೆ. ಶಾಂತಿ ಕಂಡು ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ. ಹೀಗಾಗದಂತೆ ಐದು ನಿಮಿಷಕ್ಕೊಮ್ಮೆ ಒಂದು "ಬದುಕಿದ್ದೇನೆ" ಸುದ್ದಿ ಪೂರ್ತಿ ದಾರಿಯಲ್ಲಿ, ಅಂದರೆ ಜ್ಯಾಬಿಕ್ಸ್, ಸರತಿ, ಓದುವ ಪ್ರೋಗ್ರಾಂ ಎಲ್ಲ ದಾಟಿ, ಚಿತ್ರದುರ್ಗದ ಒಂದು ಚಿಕ್ಕ ಕಂಪ್ಯೂಟರ್‌ಗೆ ಹೋಗುವಂತೆ ಮಾಡಿದ್ದೇವೆ. 15 ನಿಮಿಷ ಅದು ಬರದಿದ್ದರೆ ಆ ಕಂಪ್ಯೂಟರ್ ತನ್ನದೇ ಮೋಡೆಮ್‌ನಿಂದ ನಮ್ಮ ಮೂವರಿಗೂ ಎಸ್‌ಎಂಎಸ್ ಹಾಕುತ್ತದೆ. ಸರತಿಯ ಉದ್ದವನ್ನೂ ಜ್ಯಾಬಿಕ್ಸ್‌ನಲ್ಲಿ ಅಳೆಯಿರಿ. 20ಕ್ಕಿಂತ ಜಾಸ್ತಿ ಸುದ್ದಿ ಹತ್ತು ನಿಮಿಷ ಕೂತಿದ್ದರೆ ಓದುವ ಪ್ರೋಗ್ರಾಂ ನಿಂತಿದೆ ಎಂದೇ ಅರ್ಥ. ಆ ಎಚ್ಚರಿಕೆಯನ್ನು ಅದೇ ಸರತಿಗೆ ಕಳಿಸಬೇಡಿ. ನೇರವಾಗಿ ಮೋಡೆಮ್‌ಗೆ ಕಳಿಸಿ.

ಹೆಜ್ಜೆ 10: ಕಿತ್ತು ನೋಡುವುದು

ತಿಂಗಳ ಮೊದಲ ಶನಿವಾರ ಕಾಲೇಜು ಬಿಟ್ಟ ಮೇಲೆ ನಾವು ಈ ನಾಲ್ಕನ್ನು ಮಾಡುತ್ತೇವೆ. ಒಂದು ಮಹಡಿಯ ಸ್ವಿಚ್‌ನ ಫೈಬರ್ ಕೀಳುತ್ತೇವೆ, ಐದು ನಿಮಿಷದೊಳಗೆ ಒಂದೇ ಒಂದು ಸುದ್ದಿ ಬರಬೇಕು. ಕಟ್ಟಡದ ಮುಖ್ಯ ಸ್ವಿಚ್ ಆರಿಸುತ್ತೇವೆ, ಆಗಲೂ ಒಂದೇ ಬರಬೇಕು. ಓದುವ ಪ್ರೋಗ್ರಾಂ ನಿಲ್ಲಿಸಿ ಒಂದು ಕೇಬಲ್ ಕೀಳುತ್ತೇವೆ, ಸರತಿಯಲ್ಲಿ ಸುದ್ದಿ ಕೂತಿರುವುದು 15672ರ ಪುಟದಲ್ಲಿ ಕಾಣಬೇಕು, ಪ್ರೋಗ್ರಾಂ ಎದ್ದ ಕೂಡಲೇ ಚಾಟ್‌ಗೆ ಬರಬೇಕು. ಕೊನೆಗೆ ಸರತಿಯಲ್ಲಿ ಸುದ್ದಿ ಇರುವಾಗಲೇ ರ‍್ಯಾಬಿಟ್ ಅನ್ನು ನಿಲ್ಲಿಸಿ ಮತ್ತೆ ಎಬ್ಬಿಸುತ್ತೇವೆ, ಸುದ್ದಿ ಉಳಿದಿರಬೇಕು.

ಕೀಳುವ ಮೊದಲು ಮೇಲಿನವರಿಗೆ ಹೇಳಿ. ನಿರ್ವಹಣೆಯ ಅವಧಿ ಎಂದು ಜ್ಯಾಬಿಕ್ಸ್‌ನಲ್ಲಿ ಗುರುತು ಮಾತ್ರ ಹಾಕಬೇಡಿ, ಹಾಕಿದರೆ ಸುದ್ದಿಯೇ ಬರದೆ ಪರೀಕ್ಷೆ ವ್ಯರ್ಥ. ಬೇರೆ ದಿನಗಳಲ್ಲಿ ನಿಜವಾದ ದುರಸ್ತಿಗೆ ಆ ಗುರುತು ತಪ್ಪದೆ ಹಾಕಿ.

ಹೋದ ಸಲದ ಪರೀಕ್ಷೆಯಲ್ಲಿ ಚಿತ್ರದುರ್ಗದ ಫೈಬರ್ ಕಿತ್ತ ನಾಲ್ಕನೇ ನಿಮಿಷಕ್ಕೆ ಅಲ್ಲಿನ ಎಲೆಕ್ಟ್ರಿಷಿಯನ್ ಚಾಟ್‌ನಲ್ಲೇ ಉತ್ತರ ಬರೆದಿದ್ದರು: "ಲೈಬ್ರರಿ ಹತ್ರ ಹೋಗ್ತಾ ಇದೀನಿ ಸಾರ್, ಕೀಲಿ ನನ್ ಹತ್ರನೇ ಇದೆ."